ನ್ಯೂಟನ್ನನ ಹಿಂದೆ ಅಡಗಿದ್ದ ಪುಸ್ತಕ

ವಸತಿ ಶಾಲೆಯ ಮೇಷ್ಟ್ರಿಗೆ ದೇವರು ಎರಡೇ ಕಣ್ಣು ಕೊಟ್ಟಿದ್ದರೂ ರಾತ್ರಿ ಓದಿನ ಹೊತ್ತಿಗೆ ಅವು ನಾಲ್ಕಾಗಬೇಕು. 2004ರ ಮಳೆಗಾಲದ ಒಂದು ರಾತ್ರಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿಕೊಂಡು ತನ್ಮಯಳಾಗಿ ಓದುತ್ತಿದ್ದಳು. ಓದುತ್ತಾ ಮುಗುಳ್ನಕ್ಕಳು. ಚಲನೆಯ ನಿಯಮಗಳನ್ನು ಓದಿ ಮುಗುಳ್ನಕ್ಕವರನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಅನುಮಾನದಿಂದ ಹತ್ತಿರ ಹೋದೆ. ನ್ಯೂಟನ್ನನ ಹಿಂದೆ ಎನಿಡ್ ಬ್ಲೈಟನ್ ಅಡಗಿ ಕುಳಿತಿದ್ದರು!

ಪುಸ್ತಕ ಕಿತ್ತುಕೊಂಡೆ. ನಾಲ್ಕು ಮಾತು ಬೈದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಅಳಲಿಲ್ಲ.

ಆ ಹುಡುಗಿ ನಮ್ಮಲ್ಲಿಗೆ ಬಂದು ಎರಡೇ ತಿಂಗಳಾಗಿತ್ತು. ಉಳಿದವರು ಆರನೇ ತರಗತಿಯಿಂದಲೂ ಒಂದೇ ಕೊಠಡಿಯಲ್ಲಿ ಮಲಗಿ, ಒಂದೇ ಸೋಪು ಹಂಚಿಕೊಂಡು ಬೆಳೆದವರು. ಊಟದ ಮನೆಯಲ್ಲಿ ಇವಳು ಸಾಲಿನ ತುದಿಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಅವಳ ಪ್ರಗತಿ ಪತ್ರದಲ್ಲಿ ನಾನೇ ಬರೆದಿದ್ದೆ: 'ಕಥೆ ಪುಸ್ತಕದ ಹುಚ್ಚು. ಯಾರೊಡನೆಯೂ ಬೆರೆಯುವುದಿಲ್ಲ.'

ಆ ರಾತ್ರಿ ಕರೆಂಟು ಹೋಯಿತು. ನಿದ್ದೆ ಬರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಆ ಪುಸ್ತಕವನ್ನು ನಾನೇ ಓದತೊಡಗಿದೆ.

ಅದು 1946ರಲ್ಲಿ ಪ್ರಕಟವಾದ 'ಮ್ಯಾಲರಿ ಟವರ್ಸ್' ಮಾಲೆಯ ಮೊದಲ ಪುಸ್ತಕ. 1951ರವರೆಗೆ ವರ್ಷಕ್ಕೊಂದರಂತೆ ಆರು ಪುಸ್ತಕಗಳು ಬಂದವು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲ ತೀರ, ಬಂಡೆಯ ಮೇಲೆ ನಾಲ್ಕು ಗೋಪುರಗಳ ಹೆಣ್ಣು ಮಕ್ಕಳ ಶಾಲೆ, ಕೆಳಗೆ ಕಲ್ಲುಗಳ ನಡುವೆ ಸಮುದ್ರದ ನೀರೇ ತುಂಬಿಕೊಳ್ಳುವ ಈಜುಕೊಳ. ಅಲ್ಲಿಗೆ ಹೊಸದಾಗಿ ಸೇರುವ ಡ್ಯಾರೆಲ್ ರಿವರ್ಸ್ ಎಂಬ ಹುಡುಗಿಗೆ ಎರಡು ತೊಂದರೆ: ಮೂಗಿನ ತುದಿಯಲ್ಲೇ ಕೋಪ, ಜೊತೆಗೆ ಗೆಳತಿ ಇಲ್ಲ ಎಂಬ ಕೊರಗು. ತರಗತಿಯಲ್ಲೆಲ್ಲ ಚುರುಕಾದ, ಎಲ್ಲರನ್ನೂ ನಗಿಸುವ ಅಲಿಸಿಯಾಳ ಸ್ನೇಹ ಅವಳಿಗೆ ಬೇಕು. ಆದರೆ ಅಲಿಸಿಯಾಳಿಗೆ ಆಗಲೇ ಬೆಟ್ಟಿ ಎಂಬ ಜೊತೆಗಾತಿ ಇದ್ದಾಳೆ. ಈಜುಕೊಳದಲ್ಲಿ ಗ್ವೆಂಡೊಲಿನ್ ಎಂಬ ಹುಡುಗಿ ಪುಕ್ಕಲು ಮೇರಿ ಲೂಳನ್ನು ನೀರಿನಲ್ಲಿ ಮುಳುಗಿಸಿ ಹಿಡಿದಾಗ ಡ್ಯಾರೆಲ್ ಅವಳಿಗೆ ಬಾರಿಸಿಬಿಡುತ್ತಾಳೆ. ಆಮೇಲೆ ಕ್ಷಮೆ ಕೇಳಬೇಕಾಗುತ್ತದೆ. ಕೊನೆಗೆ ಅವಳಿಗೆ ಗೆಳತಿಯಾಗಿ ದೊರೆಯುವವಳು ಯಾರ ಕಣ್ಣಿಗೂ ಬೀಳದ, ಬಿಗಿಮುಖದ ಸ್ಯಾಲಿ. ಮನೆಯಲ್ಲಿ ತಂಗಿ ಹುಟ್ಟಿದ್ದರಿಂದಲೇ ತನ್ನನ್ನು ದೂರ ಕಳಿಸಿದರು ಎಂಬ ಸಂಕಟವನ್ನು ಒಳಗೇ ನುಂಗಿಕೊಂಡಿದ್ದ ಹುಡುಗಿ ಅವಳು.

ಓದಿ ಮುಗಿಸುವಾಗ ಕೋಳಿ ಕೂಗುತ್ತಿತ್ತು. ಸಾಲಿನ ತುದಿಯ ಆ ಹುಡುಗಿ ಯಾರೊಡನೆಯೂ ಬೆರೆಯಬಾರದೆಂದು ಓದುತ್ತಿರಲಿಲ್ಲ; ಬೆರೆಯುವುದು ಹೇಗೆಂದು ತಿಳಿಯಲು ಓದುತ್ತಿದ್ದಳು ಎಂಬುದು ಆಗ ಹೊಳೆಯಿತು. ಪ್ರಗತಿ ಪತ್ರದ ನನ್ನ ಷರಾ ಆ ವೇಳೆಗಾಗಲೇ ಅಂಚೆಯಲ್ಲಿ ಅವಳ ಮನೆ ಸೇರಿತ್ತು.

ಮುಚ್ಚಿದ ಪಾತ್ರೆಯ ಪ್ರಯೋಗ

ವಸತಿ ಶಾಲೆಯ ಕಥೆಗಳಿಗೆ ದೊಡ್ಡ ಪರಂಪರೆಯೇ ಇದೆ. 1857ರಲ್ಲಿ ಥಾಮಸ್ ಹ್ಯೂಸ್ ತಾನು ಓದಿದ ರಗ್ಬಿ ಶಾಲೆಯ ಹಿನ್ನೆಲೆಯಲ್ಲಿ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಬರೆದ. ಅದರಲ್ಲಿ ನೀತಿಬೋಧೆಯೇ ಹೆಚ್ಚು. ಮುಂದೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಏಂಜೆಲಾ ಬ್ರೆಜಿಲ್ ಹುಡುಗಿಯರ ಶಾಲೆಗಳ ಕಥೆಗಳನ್ನು ಜನಪ್ರಿಯಗೊಳಿಸಿದರು. ನೀತಿ ಹಿಂದೆ ಸರಿದು ತುಂಟಾಟ ಮುಂದೆ ಬಂತು.

ಕಥೆಗಾರರಿಗೆ ವಸತಿ ಶಾಲೆ ಏಕೆ ಇಷ್ಟು ಪ್ರಿಯ? ನನಗೆ ತೋಚುವ ಉತ್ತರ ಪ್ರಯೋಗಶಾಲೆಯದು. ಒಂದು ಕ್ರಿಯೆಯನ್ನು ಸರಿಯಾಗಿ ಗಮನಿಸಬೇಕಾದರೆ ಹೊರಗಿನ ಪ್ರಭಾವಗಳನ್ನು ದೂರವಿಡಬೇಕು. ವಸತಿ ಶಾಲೆಯಲ್ಲಿ ಅಪ್ಪ ಅಮ್ಮ ಇಲ್ಲ, ಸಂಜೆ ಓಡಿಹೋಗಲು ಮನೆ ಇಲ್ಲ. ಬೆಳಿಗ್ಗೆ ಜಗಳವಾಡಿದವಳ ಪಕ್ಕದಲ್ಲೇ ರಾತ್ರಿ ಮಲಗಬೇಕು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುವಂತೆ ಇಲ್ಲಿ ಸಣ್ಣ ಮಾತೂ ದೊಡ್ಡದಾಗುತ್ತದೆ. ಸಣ್ಣ ದಯೆಯೂ ದೊಡ್ಡದಾಗುತ್ತದೆ.

ಬ್ಲೈಟನ್ ಸ್ವತಃ ಶಿಕ್ಷಕಿಯಾಗಿ ತರಬೇತಿ ಪಡೆದವರು. ಮಕ್ಕಳ ನಾಡಿ ಬಲ್ಲವರು. ಅವರ ಕಥೆಗಳಲ್ಲಿ ಹುಡುಗಿಯರು ನಡುರಾತ್ರಿ ಕದ್ದು ಮಾಡುವ ಔತಣಗಳನ್ನು ನೆನೆಯಿರಿ. ಆಗ ಬ್ರಿಟನ್ನಿನಲ್ಲಿ ಪಡಿತರದ ಕಾಲ. ಮಿಠಾಯಿಯ ಪಡಿತರ 1942ರಲ್ಲಿ ಆರಂಭವಾಗಿ, 1949ರಲ್ಲಿ ಕೆಲವು ತಿಂಗಳು ಸಡಿಲಗೊಂಡದ್ದು ಬಿಟ್ಟರೆ, 1953ರವರೆಗೂ ಇತ್ತು. ಅಂಗಡಿಯಲ್ಲಿ ಸಿಗದ ಕೇಕನ್ನು ಮಕ್ಕಳು ಪುಟಗಳಲ್ಲಿ ತಿಂದರು! ಹಾಸ್ಟೆಲಿನ ನೀರು ಸಾರಿನ ಮುಂದೆ ಕುಳಿತು ಮನೆಯ ಚಕ್ಕುಲಿಯನ್ನು ನೆನೆಯುವ ನಮ್ಮ ಮಕ್ಕಳಿಗೆ ಈ ರುಚಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಡ್ರ್ಯಾಗನ್ನಿಗಿಂತ ಕಷ್ಟ

ಬ್ಲೈಟನ್ನರ ಶಾಲೆಯಲ್ಲಿ ಪ್ರೇಮಕ್ಕೆ ಜಾಗವಿಲ್ಲ. ಅದು ಆಮೇಲಿನ ಕಥೆಗಳಲ್ಲಿ ಬಂತು. 2000ದಲ್ಲಿ ಬಂದ ಹ್ಯಾರಿ ಪಾಟರ್ ಮಾಲೆಯ ನಾಲ್ಕನೇ ಪುಸ್ತಕದಲ್ಲಿ ಹಾಗ್‌ವಾರ್ಟ್ಸ್ ವಸತಿ ಶಾಲೆಯಲ್ಲೊಂದು ನೃತ್ಯಕೂಟ ನಡೆಯುತ್ತದೆ. ಅದಕ್ಕೆ ಮುಂಚೆ ಡ್ರ್ಯಾಗನ್ನನ್ನೇ ಎದುರಿಸಿ ಗೆದ್ದಿದ್ದ ಹ್ಯಾರಿಗೆ ಚೋ ಚಾಂಗ್ ಎಂಬ ಹುಡುಗಿಯನ್ನು 'ನನ್ನ ಜೊತೆ ಬರುತ್ತೀಯಾ' ಎಂದು ಕೇಳುವಾಗ ನಾಲಗೆ ತೊದಲುತ್ತದೆ. ಕೇಳುವಷ್ಟರಲ್ಲಿ ಅವಳು ಬೇರೊಬ್ಬನಿಗೆ ಒಪ್ಪಿಯಾಗಿರುತ್ತದೆ.

ಇನ್ನೊಂದು 2010ರ ಅಮೆರಿಕದ ಕಾದಂಬರಿ, ಸ್ಟೆಫನಿ ಪರ್ಕಿನ್ಸ್ ಅವರ 'ಅನ್ನಾ ಅಂಡ್ ದಿ ಫ್ರೆಂಚ್ ಕಿಸ್'. ಹೆಸರು ಕೇಳಿ ಪಾಲಕರು ಗಾಬರಿಯಾಗಬೇಕಿಲ್ಲ; ಮಗಳ ಕಪಾಟಿನಲ್ಲಿ ಕಂಡಾಗ ನಾನೂ ಗಾಬರಿಯಾಗಿ ಆಮೇಲೆ ಓದಿದವನೇ. ಅಟ್ಲಾಂಟಾದ ಅನ್ನಾಳನ್ನು ಅವಳ ತಂದೆ ಶಾಲೆಯ ಕೊನೆಯ ವರ್ಷಕ್ಕೆ ಪ್ಯಾರಿಸ್ಸಿನ ವಸತಿ ಶಾಲೆಗೆ ಕಳಿಸುತ್ತಾನೆ. ಅವಳಿಗೆ ಫ್ರೆಂಚ್ ಬಾರದು. ಊಟದ ಮನೆಯಲ್ಲಿ ಬೇಕಾದ್ದನ್ನು ಕೇಳಿ ಪಡೆಯಲೂ ಹೆದರಿಕೆ. ಆ ಹೆದರಿಕೆ ಬಿಡಿಸುವ ಸೇಂಟ್ ಕ್ಲೇರ್ ಎಂಬ ಹುಡುಗನೂ ವೀರನಾಯಕನಲ್ಲ: ಕುಳ್ಳ, ಎತ್ತರದ ಜಾಗ ಕಂಡರೆ ಅಂಜುವವನು. ಪ್ರೇಮ ಮೊಳೆಯುವ ಮೊದಲು ಅಲ್ಲಿ ಮೊಳೆಯುವುದು ಧೈರ್ಯ.

ಈ ಎಳೆಯ ಪ್ರೇಮದಲ್ಲಿ ಸ್ನೇಹದ ಹಳೆಯ ಪ್ರಶ್ನೆಯೇ ವೇಷ ಬದಲಿಸಿ ನಿಂತಿದೆ. 'ಇಷ್ಟು ಜನರ ನಡುವೆ ನನ್ನ ಪಕ್ಕದಲ್ಲಿ ಕೂರಲು ಇಷ್ಟಪಡುವವರು ಒಬ್ಬರಾದರೂ ಇದ್ದಾರೆಯೇ?' ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ತಿದ್ದುವಾಗ ಅವುಗಳ ನಡುವಿನಿಂದ ಜಾರಿಬಿದ್ದ ಎಷ್ಟೋ ಚೀಟಿಗಳನ್ನು ನಾನು ಕಂಡಿದ್ದೇನೆ. ಮೊದಮೊದಲು ಕೆಂಡವಾಗುತ್ತಿದ್ದೆ. ಈಗ ಆ ಮಕ್ಕಳನ್ನು ಕರೆದು ಮೆಲ್ಲಗೆ ಮಾತನಾಡುತ್ತೇನೆ.

ಈ ಪುಸ್ತಕಗಳೆಲ್ಲ ದೋಷರಹಿತವೆಂದಲ್ಲ. ಮ್ಯಾಲರಿ ಟವರ್ಸ್‌ನ ಗ್ವೆಂಡೊಲಿನ್‌ಳನ್ನೇ ನೋಡಿ. ಮುದ್ದಿನಿಂದ ಕೆಟ್ಟ, ಆಲಸಿ ಹುಡುಗಿ ನಿಜ. ಆದರೆ ಪುಸ್ತಕದಿಂದ ಪುಸ್ತಕಕ್ಕೆ ಎಲ್ಲರೂ ಅವಳನ್ನು ಹಾಸ್ಯ ಮಾಡುತ್ತಲೇ ಇರುತ್ತಾರೆ. ಕೊನೆಯ ಪುಸ್ತಕದಲ್ಲಿ ತಂದೆ ಕಾಯಿಲೆ ಬಿದ್ದು ಅವಳು ಶಾಲೆ ಬಿಟ್ಟು ಹೋಗಬೇಕಾದಾಗಲಷ್ಟೇ ಉಳಿದವರಿಗೆ ನಿಜವಾದ ಕನಿಕರ ಮೂಡುತ್ತದೆ. ಹತ್ತು ಮಂದಿ ಒಂದಾಗುವುದು ಹನ್ನೊಂದನೆಯವಳನ್ನು ನಗೆಪಾಟಲು ಮಾಡಿಯೇ ಎಂಬುದು ಹಾಸ್ಟೆಲುಗಳ ಕಹಿ ಸತ್ಯ. ಇದನ್ನು ಪುಸ್ತಕ ಹೇಳದಿದ್ದರೆ ಮೇಷ್ಟ್ರು ಹೇಳಬೇಕು.

ನಮ್ಮಲ್ಲೂ ನವೋದಯ ಶಾಲೆಗಳಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಆರನೇ ತರಗತಿಯ ಪುಟ್ಟ ಮಕ್ಕಳು ಟ್ರಂಕು ಹಿಡಿದು ಬಂದಿಳಿಯುತ್ತಾರೆ. ನವೋದಯದ ಕೆಲವು ಮಕ್ಕಳು ಒಂಬತ್ತನೇ ತರಗತಿಯಲ್ಲಿ ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೇ ಹೋಗಿ ಓದುತ್ತಾರೆ. ಅವರ ಟ್ರಂಕಿನಲ್ಲಿ ಪಠ್ಯದ ಜೊತೆಗೆ ನಗಿಸುವ ಪುಸ್ತಕವೊಂದಕ್ಕೂ ಜಾಗವಿರಲಿ ಎಂಬುದು ನನ್ನ ಕೋರಿಕೆ.

ಮರುದಿನ ಆ ಹುಡುಗಿಗೆ ಪುಸ್ತಕ ಹಿಂದಿರುಗಿಸಿದೆ. 'ಓದಿದಿರಾ ಸಾರ್?' ಎಂದಳು. 'ಓದಿದೆ. ಸ್ಯಾಲಿ ಒಳ್ಳೆಯ ಹುಡುಗಿ' ಎಂದೆ. ಅವಳ ಮುಖ ಅರಳಿತು. ಪಕ್ಕದಲ್ಲಿದ್ದವಳು 'ಸ್ಯಾಲಿ ಯಾರೇ?' ಎಂದು ಕೇಳಿದಳು. ಅಷ್ಟೇ ನಡೆದದ್ದು. ದೀಪಾವಳಿ ರಜೆಯ ಹೊತ್ತಿಗೆ ಆ ಪುಸ್ತಕ ಇಡೀ ಕೊಠಡಿಯನ್ನು ಸುತ್ತಿ, ರಕ್ಷಾಪುಟ ಕಳೆದುಕೊಂಡು, ಹುಳಿಯ ಕಲೆ ಅಂಟಿಸಿಕೊಂಡಿತ್ತು. ಊಟದ ಸಾಲಿನ ತುದಿಯಲ್ಲಿ ಅವಳು ಕೂರುವುದು ನಿಂತಿತ್ತು.

ಮುಂದಿನ ಪ್ರಗತಿ ಪತ್ರದಲ್ಲಿ ನಾನು ಬರೆದೆ: 'ಚೆನ್ನಾಗಿ ಬೆರೆಯುತ್ತಾಳೆ. ಕಥೆ ಪುಸ್ತಕ ಕಳಿಸಿಕೊಡಿ.'