ಕಟ್ಟಿನ ಸಾರು

ಕಟ್ಟಿನ ಸಾರು ಉತ್ತರ ಕರ್ನಾಟಕದಲ್ಲಿ, ಮುಖ್ಯವಾಗಿ ಹೋಳಿಗೆ ಮಾಡುವ ದಿನ, ತಯಾರಿಸುವ ಹುಳಿಖಾರದ ತಿಳಿಸಾರು. ಹೂರಣಕ್ಕಾಗಿ ಬೇಯಿಸಿದ ಕಡಲೆಬೇಳೆಯಿಂದ ಬಸಿದ ನೀರೇ ಇದರ ಆಧಾರ. ಈ ನೀರನ್ನು ‘ಕಟ್ಟು’ ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡ ಹಾಗೂ ಇವುಗಳ ನಡುವಿನ ಸತ್ತೂರ ಮೊದಲಾದ ಕಡೆಗಳಲ್ಲಿ ಹೋಳಿ ಹುಣ್ಣಿಮೆ, ಯುಗಾದಿಯಂತಹ ಹಬ್ಬಗಳಂದು ಇದನ್ನು ಮಾಡುವ ರೂಢಿಯಿದೆ. ದಕ್ಷಿಣ ಕರ್ನಾಟಕದ ಒಬ್ಬಟ್ಟಿನ ಸಾರು ಮತ್ತು ಮಹಾರಾಷ್ಟ್ರದ ಕಟಾಚಿ ಆಮಟಿ ಇದೇ ಬಗೆಯವು.

ಹೋಳಿಗೆಯೊಂದಿಗಿನ ಸಂಬಂಧ

ಹೋಳಿಗೆ ಮತ್ತು ಸಾರು ಒಂದೇ ಪಾತ್ರೆಯಿಂದ ಹುಟ್ಟುತ್ತವೆ. ಬೇಳೆಯಲ್ಲಿ ನೀರು ಉಳಿದರೆ ಹೂರಣ ತೆಳುವಾಗಿ, ಲಟ್ಟಿಸುವಾಗ ಹೋಳಿಗೆ ಒಡೆಯುತ್ತದೆ. ಆದ್ದರಿಂದ ಕಟ್ಟನ್ನು ಪೂರ್ತಿಯಾಗಿ ಬಸಿಯಬೇಕು. ಬೇಳೆಯಿಂದ ಕರಗಿದ ಪಿಷ್ಟ ಮತ್ತು ಪ್ರೋಟೀನಿನ ಅಂಶ ಕಟ್ಟಿನಲ್ಲಿರುವುದರಿಂದ, ಅದನ್ನು ಚೆಲ್ಲದೆ ಸಾರಿಗೆ ಬಳಸುತ್ತಾರೆ.

ಬೇಕಾಗುವ ಸಾಮಗ್ರಿಗಳು

ಕಡಲೆಬೇಳೆ 1 ಲೋಟ, ನೀರು 5 ಲೋಟ, ನಿಂಬೆ ಗಾತ್ರದ ಹುಣಸೆಹಣ್ಣು, ಒಣಕೊಬ್ಬರಿ, ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ಚಕ್ಕೆ, ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಬೆಲ್ಲ ಮತ್ತು ಉಪ್ಪು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಕರಿಬೇವು ಹಾಗೂ ಇಂಗು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕಿಂತ ಹೆಚ್ಚಾಗಿ ಸಾರಿಗೆ ಕೆಂಪು ಬಣ್ಣ ಕೊಡುತ್ತದೆ.

ತಯಾರಿಸುವ ವಿಧಾನ

ಅರ್ಧ ಗಂಟೆ ನೆನೆಸಿದ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಕಾಳು ಬೆರಳಿನಿಂದ ಒತ್ತಿದರೆ ನುಣ್ಣಗಾಗಬೇಕು, ಆದರೆ ತಾನಾಗಿಯೇ ಒಡೆದಿರಬಾರದು. ಕುಕ್ಕರಿನಲ್ಲಿ ಹೆಚ್ಚು ಬೆಂದರೆ ಬೇಳೆ ಕರಗಿ, ಕಟ್ಟು ಬೇರೆಯಾಗುವುದಿಲ್ಲ. ಬೆಂದ ಬೇಳೆಯನ್ನು ಜರಡಿಯಲ್ಲಿ ಬಸಿದು, ಕಟ್ಟನ್ನು ತೆಗೆದಿಡಬೇಕು.

ಕೊಬ್ಬರಿ ಮತ್ತು ಮಸಾಲೆ ಪದಾರ್ಥಗಳನ್ನು ಹುರಿದು, ಒಂದು ಚಮಚ ಬೆಂದ ಬೇಳೆಯೊಂದಿಗೆ ನುಣ್ಣಗೆ ರುಬ್ಬಬೇಕು. ಈ ಮಸಾಲೆ, ಬಿಸಿನೀರಿನಲ್ಲಿ ನೆನೆಸಿ ಹಿಂಡಿದ ಹುಣಸೆರಸ, ಬೆಲ್ಲ ಮತ್ತು ಉಪ್ಪನ್ನು ಕಟ್ಟಿಗೆ ಸೇರಿಸಿ ಸುಮಾರು 10 ನಿಮಿಷ ಕುದಿಸಿ, ಒಗ್ಗರಣೆ ಹಾಕಬೇಕು. ಹಬ್ಬದಂದು ಬೆಳ್ಳುಳ್ಳಿ ಬಳಸದ ಮನೆಗಳಲ್ಲಿ ಇಂಗೇ ಪರಿಮಳ ಕೊಡುತ್ತದೆ.

ಹುಳಿಯ ಪಾತ್ರ

ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲ. ಆಮ್ಲವು ಕಾಳಿನ ಕೋಶಭಿತ್ತಿಯಲ್ಲಿರುವ ಪೆಕ್ಟಿನ್ ಕರಗುವುದನ್ನು ನಿಧಾನಗೊಳಿಸುವುದರಿಂದ, ಮೊದಲೇ ಹುಣಸೆ ಹಾಕಿದರೆ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಬೇಳೆ ಬೆಂದು, ಕಟ್ಟು ಬಸಿದ ಮೇಲೆಯೇ ಹುಳಿ ಸೇರಿಸುವ ಕ್ರಮಕ್ಕೆ ಇದು ಹೊಂದುತ್ತದೆ. ಆಮ್ಲವು ತಾಮ್ರ, ಹಿತ್ತಾಳೆಯೊಂದಿಗೆ ವರ್ತಿಸುವುದರಿಂದ, ಕಲಾಯಿ ಇಲ್ಲದ ಅಂತಹ ಪಾತ್ರೆಗಳಲ್ಲಿ ಸಾರನ್ನು ಕುದಿಸಬಾರದು, ಇಡಲೂಬಾರದು.

ಹೋಲಿಕೆ

ಹುಣಸೆಯಿಂದ ಹುಳಿಯಾಗುವ ಸಾರುಗಳು ಏಷ್ಯಾದ ಇತರೆಡೆಗಳಲ್ಲೂ ಇವೆ. ಫಿಲಿಪ್ಪೀನ್ಸ್‌ನ ಸಿನಿಗಾಂಗ್‌ನಲ್ಲಿ ಹುಣಸೆ, ಬಿಂಬುಳಿ ಅಥವಾ ಪೇರಲದ ಹುಳಿಯಲ್ಲಿ ಮಾಂಸ ಅಥವಾ ಮೀನನ್ನು ತರಕಾರಿಗಳೊಂದಿಗೆ ಬೇಯಿಸುತ್ತಾರೆ. ಅಲ್ಲಿ ಮಾಂಸ ಬೆಂದ ನೀರು ಸಾರಿಗೆ ಸತ್ವ ಕೊಟ್ಟರೆ, ಇಲ್ಲಿ ಬೇಳೆಯ ಕಟ್ಟು ಆ ಕೆಲಸ ಮಾಡುತ್ತದೆ.

ಬಡಿಸುವ ಕ್ರಮ

ಕಟ್ಟಿನ ಸಾರನ್ನು ಬಿಸಿ ಅನ್ನ, ತುಪ್ಪದೊಂದಿಗೆ ಬಡಿಸುತ್ತಾರೆ. ಹೋಳಿಗೆಯ ಸಿಹಿಯ ನಂತರ ಇದರ ಹುಳಿಖಾರ ಬಾಯಿಗೆ ಹಿತವೆನಿಸುತ್ತದೆ. ಮಸಾಲೆ ಮತ್ತು ಹುಳಿ ಹೊಂದಿಕೊಳ್ಳುವುದರಿಂದ, ಮರುದಿನ ಮತ್ತೆ ಕುದಿಸಿದ ಸಾರು ಹೆಚ್ಚು ರುಚಿಯೆಂದು ಹಲವರು ಭಾವಿಸುತ್ತಾರೆ.