ನಾಯಿಕಡಿತದ ಲಸಿಕೆಯೂ ಎಳೆಯ ಇಲಿಮರಿಯ ಮಿದುಳೂ

ನಾಯಿ ಕಡಿದ ಹುಡುಗಿಗೆ ಲಸಿಕೆ ಹಾಕಿಸಿರೆಂದು ನಾವು ಹೇಳಿಕಳುಹಿಸಿದಾಗ, ಕೆಲವು ಮನೆಗಳ ಹಿರಿಯರು ಮೊದಲು ಕೇಳುವುದು, “ಹೊಟ್ಟೆಗೆ ಹದಿನಾಲ್ಕು ಸೂಜಿಗಳೋ?” ಎಂದು. ಈ ಅಂಜಿಕೆಗೆ ಹಿಂದೆ ಆಧಾರವಿತ್ತು, ಈಗ ಇಲ್ಲ. ಆದಕಾರಣ ಅದರ ಮೂಲವನ್ನು ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿವರಿಸುವುದು ಯುಕ್ತವೆಂದೆಣಿಸಿದ್ದೇವೆ.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಎಂಬ ವೈದ್ಯರು ಪ್ರಕಟಪಡಿಸಿದ ಲಸಿಕೆಯು, ಪ್ರಾಣಿಯ ಮಿದುಳಿನಲ್ಲಿ ರೋಗಾಣುವನ್ನು ಬೆಳೆಸಿ, ಆ ಮಿದುಳನ್ನೇ ಅರೆದು, ಫೀನಾಲಿನಿಂದ ರೋಗಾಣುವನ್ನು ಕೊಂದು ಮಾಡಿದ್ದು. ನಮ್ಮ ದಕ್ಷಿಣದೇಶಕ್ಕೆ ಕೂನೂರಿನ ಪಾಸ್ಚರ್ ಸಂಸ್ಥೆಯು ಕುರಿಯ ಮಿದುಳಿನಿಂದ ಇದನ್ನು ತಯಾರಿಸಿ ಒದಗಿಸುತ್ತಿತ್ತು. ಅನೇಕರ ಪ್ರಾಣವನ್ನು ಉಳಿಸಿದ ಮದ್ದು ಅದು. ಆದರೂ ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ಕಾಲಿನ ಬಲವು ಉಡುಗುತ್ತಿತ್ತು, ಸತ್ತವರೂ ಉಂಟು. ಸುದ್ದಗುಂಟೆಪಾಳ್ಯಕ್ಕೆ ನೆರೆಯಾದ ನಿಮ್ಹಾನ್ಸ್ ವೈದ್ಯರು ಕುರಿಮಿದುಳಿನ ಲಸಿಕೆಯಿಂದ ಹೀಗೆ ನರಳಿದವರ ವಿಷಯವನ್ನು 1984ರಲ್ಲಿ ಪ್ರಕಟಿಸಿದರು.

ಕಾರಣವೇನು? ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ, ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಕುರಿಯ ಮಯಲಿನ್ ಪದೇಪದೇ ಶರೀರವನ್ನು ಹೊಕ್ಕರೆ, ದೇಹದ ರಕ್ಷಣಾಶಕ್ತಿಯು ಅದನ್ನು ಶತ್ರುವೆಂದು ತಿಳಿದು, ಅದನ್ನು ಹೋಲುವ ನಮ್ಮ ಸ್ವಂತ ನರಗಳ ಹೊದಿಕೆಯ ಮೇಲೂ ಬೀಳಬಹುದು. 1933ರಲ್ಲಿ ನ್ಯೂಯಾರ್ಕಿನ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ರೋಗಾಣುವೇ ಇಲ್ಲದ ಮೊಲದ ಮಿದುಳನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದಾಗ, ಕೆಲವಕ್ಕೆ ಇಂಥದೇ ಬಾಧೆಯುಂಟಾಯಿತು. ಆದ್ದರಿಂದ ಕೇಡು ಮಿದುಳಿನಿಂದಲೇ ಬರುತ್ತಿತ್ತೆಂದು ತೋರಿತು.

ಇಲ್ಲಿ ಸೃಷ್ಟಿಯ ಒಂದು ಸೋಜಿಗವನ್ನು ನೋಡಿರಿ. ಕರುವು ಹುಟ್ಟಿದ ಕೊಂಚ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಇಲಿಮರಿಯೋ ಕಣ್ಣು ಮುಚ್ಚಿ, ಮೈ ಬೋಳಾಗಿ ಬಿದ್ದಿರುತ್ತದೆ. ಅದರ ಮಿದುಳಿನಲ್ಲಿ ಮಯಲಿನ್ ಹುಟ್ಟುವಾಗ ಇಲ್ಲವೆಂಬಷ್ಟು ಕಡಿಮೆ. ಬಹುಪಾಲು ಮುಂದಿನ ವಾರಗಳಲ್ಲಿ ಕೂಡುತ್ತದೆ. (ಮನುಷ್ಯಶಿಶುವಿನಲ್ಲಿ ಈ ಕೆಲಸವು ವರ್ಷಗಟ್ಟಲೆ ನಡೆಯುವುದು.) ಚಿಲಿ ದೇಶದ ಫುಯೆನ್‌ಸಾಲಿಡಾ, ಪಾಲಾಸಿಯೋಸ್ ಎಂಬವರು 1955ರಲ್ಲಿ ಇಂಥ ಎಳೆಯ ಮರಿಗಳ ಮಿದುಳಿನಿಂದ ಲಸಿಕೆ ಮಾಡಿದರು. ಕೇಡು ಕುಗ್ಗಿತು, ಪೂರಾ ನೀಗಲಿಲ್ಲ.

ನಮ್ಮ ದೇಶದಲ್ಲಾದರೋ ಅಗ್ಗವಾದ ಕುರಿಮಿದುಳಿನ ಲಸಿಕೆಯ ತಯಾರಿಕೆಯು 2004ರ ಕೊನೆಗೆ ನಿಂತಿತು. ಇಷ್ಟು ತಡವಾದದ್ದು ವ್ಯಸನಕರವೆಂದೇ ನಮ್ಮ ಅಭಿಪ್ರಾಯ. ಈಗಿನ ಲಸಿಕೆಯನ್ನು ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಅದರಲ್ಲಿ ಮಿದುಳಿನ ಅಂಶವಿಲ್ಲ. ದೊಡ್ಡ ಹುಡುಗಿಯರಿಗೆ ತೋಳಿಗೇ ಚುಚ್ಚುತ್ತಾರೆ; ನಾಲ್ಕೈದು ಸಲ ಹೋಗಿ ಬಂದರೆ ಮುಗಿಯಿತು. ರಕ್ತ ಬಂದ ಗಾಯಕ್ಕೆ ರಕ್ಷಕದ್ರವವನ್ನೂ ಹಾಕುವರು. ಅರಿಸಿನ ಸುಣ್ಣಗಳನ್ನು ಮೆತ್ತದೆ, ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.