ಉನ್ನತ ವಿದ್ಯೆಯೂ ಸ್ತ್ರೀಸಮಾನತೆಯೂ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಮನುಷ್ಯವರ್ಗದಲ್ಲಿ ಬರುವ ಒಂದು ಸೂಕ್ಷ್ಮಭೇದ ನೆನಪಿರಬಹುದು. ಆಚಾರ್ಯನ ಪತ್ನಿ ‘ಆಚಾರ್ಯಾನೀ’. ತಾನೇ ಪಾಠ ಹೇಳುವವಳು ‘ಆಚಾರ್ಯಾ’. ಪತಿಯ ಸಂಬಂಧದಿಂದ ಬಂದ ಹೆಸರು ಬೇರೆ, ಸ್ವಂತ ವಿದ್ಯೆಯಿಂದ ಬಂದ ಹೆಸರು ಬೇರೆ. ಲೋಕದಲ್ಲಿ ಬಳಕೆಯಿಲ್ಲದ ಶಬ್ದಕ್ಕೆ ನಮ್ಮ ವೈಯಾಕರಣರು ರೂಪಸಿದ್ಧಿ ಹೇಳುವ ಶ್ರಮಕ್ಕೆ ಹೋಗುವವರಲ್ಲವಾದ್ದರಿಂದ, ಹಾಗೆ ಪಾಠ ಹೇಳುತ್ತಿದ್ದ ಸ್ತ್ರೀಯರು ಒಂದು ಕಾಲಕ್ಕೆ ಇದ್ದರೆಂದೇ ಊಹಿಸಬೇಕು. ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಸ್ತ್ರೀಪುರುಷ ಸಮಾನತೆಯನ್ನು ಕುರಿತು ವಿಚಾರ ಮಾಡುವಾಗ ಈ ಭೇದವನ್ನು ಮುಂದಿರಿಸಿಕೊಳ್ಳುವುದು ಉಪಯುಕ್ತ. ವಿದ್ಯಾಮಂದಿರದೊಳಗೆ ಹೆಣ್ಣಿಗೆ ಪ್ರವೇಶ ದೊರೆಯುವುದು ಒಂದು ವಿಷಯ. ಅಲ್ಲಿ ಅವಳು ಸ್ವಂತ ಹಕ್ಕಿನಿಂದ ಕುಳಿತುಕೊಳ್ಳುವುದು ಇನ್ನೊಂದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಮಾತನ್ನು ಈ ಸಂಚಿಕೆಯ ಓದುಗರಿಗೆ ನಾನು ವಿಸ್ತರಿಸಬೇಕಾಗಿಲ್ಲ. ಮೂವತ್ತಕ್ಕೂ ಮಿಕ್ಕ ಶರಣೆಯರು ವಚನಗಳನ್ನು ರಚಿಸಿದರು. ಅವರಲ್ಲಿ ಅಕ್ಕಮಹಾದೇವಿ, ಮುಕ್ತಾಯಕ್ಕರಂತೆಯೇ, ಪತಿ ಮಾರಯ್ಯನಿಗೆ ಕಾಯಕತತ್ತ್ವವನ್ನು ತಿಳಿಯಹೇಳಿದ ಆಯ್ದಕ್ಕಿ ಲಕ್ಕಮ್ಮನೂ ಇದ್ದಾಳೆ. ಇದನ್ನು ಪ್ರತಿವರ್ಷವೂ ವೇದಿಕೆಯ ಮೇಲಿಂದ ಹೇಳುತ್ತೇವೆ. ಆ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಎಷ್ಟರಲ್ಲಿ ಸ್ತ್ರೀಯರಿದ್ದಾರೆಂದು ಎಣಿಸುವ ಅಭ್ಯಾಸ ಮಾತ್ರ ನಮಗಿಲ್ಲ.

ಆಧುನಿಕ ಕಾಲದಲ್ಲಿ ಈ ಬಾಗಿಲು ತೆರೆದದ್ದು ನಿಧಾನವಾಗಿ. ಕಲ್ಕತ್ತೆಯಲ್ಲಿ ಕಾದಂಬಿನಿ ಬಸು ಹಾಗೂ ಚಂದ್ರಮುಖಿ ಬಸು ಪದವೀಧರೆಯರಾದದ್ದು 1883ರಲ್ಲಿ. ಆದರೆ ನಮ್ಮ ಬೆಂಗಳೂರಿನಲ್ಲೇ ಐವತ್ತು ವರ್ಷಗಳ ಅನಂತರ ನಡೆದ ಸಂಗತಿಯೊಂದು ಹೆಚ್ಚು ಬೋಧಪ್ರದವಾಗಿದೆ. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ, ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಗಳಿಸಿ, ತಂದೆ ಹಾಗೂ ಚಿಕ್ಕಪ್ಪ ಓದಿದ್ದ ‘ಟಾಟಾ ಇನ್‌ಸ್ಟಿಟ್ಯೂಟ್’ಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಕಮಲಾ ಅವರು ಸತ್ಯಾಗ್ರಹದ ಹಾದಿ ಹಿಡಿದ ಮೇಲೆ ಪ್ರವೇಶವೇನೋ ದೊರೆಯಿತು, ಆದರೆ ನಿರ್ಬಂಧಗಳೊಡನೆ: ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ, ಮಾರ್ಗದರ್ಶಕರು ಬಯಸಿದಾಗ ರಾತ್ರಿಯೂ ದುಡಿಯಬೇಕು, ಪುರುಷ ಸಂಶೋಧಕರ ಏಕಾಗ್ರತೆಗೆ ಭಂಗ ತರಕೂಡದು. ಇವುಗಳಲ್ಲಿ ಮೂರನೆಯದನ್ನು ಓದುಗರು ಇನ್ನೊಮ್ಮೆ ಗಮನಿಸಬೇಕು. ಪರರ ಚಿತ್ತಚಾಂಚಲ್ಯಕ್ಕೆ ಈಕೆ ಹೊಣೆ! ಒಂದು ವರ್ಷದಲ್ಲಿ ರಾಮನ್ನರ ಅಭಿಪ್ರಾಯ ಬದಲಾಯಿತು, ಮುಂದೆ ಅನ್ಯ ವಿದ್ಯಾರ್ಥಿನಿಯರಿಗೂ ಅಲ್ಲಿ ಎಡೆ ದೊರೆಯಿತು. ಕಮಲಾ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು, ವಿವಾಹಾನಂತರ ಕಮಲಾ ಸೊಹೊನಿ ಎಂಬ ಹೆಸರಿನಿಂದ ಜೀವರಸಾಯನ ಶಾಸ್ತ್ರದಲ್ಲಿ ಖ್ಯಾತರಾದರು. ಆ ಕೇಂಬ್ರಿಜ್ ವಿಶ್ವವಿದ್ಯಾನಿಲಯವಾದರೂ ಸ್ತ್ರೀಯರನ್ನು ಪೂರ್ಣ ಸದಸ್ಯರೆಂದು ಅಂಗೀಕರಿಸಿ ಪುರುಷರಿಗೆ ಸಮನಾಗಿ ಪದವಿ ಕೊಡತೊಡಗಿದ್ದು 1948ರಲ್ಲಿ.

ರಾಮನ್ನರ ಬಳಿಯೇ 1940ರಿಂದ ಸಂಶೋಧನೆ ನಡೆಸಿದ ಅನ್ನಾ ಮಾಣಿ ಅವರು ವಜ್ರಗಳ ಬೆಳಕನ್ನು ಕುರಿತು ಪ್ರಬಂಧ ಬರೆದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಮುಂದೆ ಭಾರತದ ಹವಾಮಾನ ಇಲಾಖೆಯ ಉಪಕರಣಗಳನ್ನು ರೂಪಿಸಿದ ಮಹಿಳೆ ಇವರೇ.

ಇಂದಿನ ಸ್ಥಿತಿ ಬೇರೆ. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ, 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಸ್ತ್ರೀಯರು. 18ರಿಂದ 23 ವರ್ಷದ ಜನಸಂಖ್ಯೆಗೆ ಹೋಲಿಸಿದ ದಾಖಲಾತಿಯಲ್ಲಿ ಹುಡುಗಿಯರದು ಶೇಕಡಾ 28.5, ಹುಡುಗರದು 28.3. ತಲೆಯೆಣಿಕೆಯಲ್ಲಿ ಕಡಿಮೆಯಾಗಿಯೂ ಪ್ರಮಾಣದಲ್ಲಿ ಹೆಚ್ಚಾಗುವುದು ಹೇಗೆಂದು ಕೇಳಬಹುದು. ಆ ವಯಸ್ಸಿನ ಹೆಣ್ಣುಮಕ್ಕಳೇ ನಾಡಿನಲ್ಲಿ ಗಂಡುಮಕ್ಕಳಿಗಿಂತ ಕಡಿಮೆ ಇರುವುದು ಇದಕ್ಕೆ ಕಾರಣ. ಈ ದುಃಖದ ಕಥೆ ಪ್ರತ್ಯೇಕ ಲೇಖನಕ್ಕೆ ಸೇರಿದ್ದು. ಅಧ್ಯಾಪಕವರ್ಗಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಸುಮಾರು 16 ಲಕ್ಷ ಬೋಧಕರಲ್ಲಿ ಸ್ತ್ರೀಯರು ಶೇಕಡಾ 43.4, ನೂರು ಅಧ್ಯಾಪಕರಿಗೆ 77 ಅಧ್ಯಾಪಿಕೆಯರು. ಬೆಂಚಿನಲ್ಲಿ ಸರಿಸಮವಾದವರು ಪೀಠದ ಬಳಿ ಹಿಂದುಳಿಯುತ್ತಾರೆ.

ಕಾರಣವನ್ನು ಬಹು ದೂರ ಅರಸಬೇಕಾಗಿಲ್ಲ. ಡಾಕ್ಟರೇಟ್ ಪ್ರಬಂಧವನ್ನು ಬರೆಯುವ ವಯಸ್ಸೂ ತೊಟ್ಟಿಲು ತೂಗುವ ವಯಸ್ಸೂ ಒಂದೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2016ರ ನಿಯಮಾವಳಿ ಸಂಶೋಧನಾ ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಮಾತೃತ್ವ ಅಥವಾ ಶಿಶುಪಾಲನಾ ರಜೆಯನ್ನೂ, ಡಾಕ್ಟರೇಟ್ ಮುಗಿಸಲು ಎರಡು ವರ್ಷಗಳ ಹೆಚ್ಚಿನ ಅವಧಿಯನ್ನೂ ಕೊಟ್ಟಿತು. 2022ರ ನಿಯಮಾವಳಿ ಅವನ್ನು ಮುಂದುವರಿಸಿತು. ಈ ಸೌಲಭ್ಯ ತಮಗುಂಟೆಂದು ಅರಿಯದ ಹೆಣ್ಣುಮಕ್ಕಳನ್ನು ನಾನೇ ಕಂಡಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಬರೆದಿಟ್ಟುಕೊಳ್ಳಲಿ.

ಎರಡನೆಯದು ಭಯ. ಸರ್ವೋಚ್ಚ ನ್ಯಾಯಾಲಯದ 1997ರ ವಿಶಾಖಾ ತೀರ್ಪು, 2013ರ ಕಾಯಿದೆ, ಆಯೋಗದ 2015ರ ನಿಯಮಾವಳಿ, ಇವುಗಳ ಫಲವಾಗಿ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರತಕ್ಕದ್ದು. ಹಿರಿಯ ಅಧ್ಯಾಪಿಕೆ ಅದರ ಅಧ್ಯಕ್ಷೆ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರು, ಹೊರಗಿನವರೊಬ್ಬರು, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಕುಲಪತಿ, ಕುಲಸಚಿವ, ಡೀನರಂತಹ ಉನ್ನತಾಧಿಕಾರಿಗಳು ಸದಸ್ಯರಾಗಕೂಡದು. ಈ ಕೊನೆಯ ಅಂಶ ಬಹು ವಿವೇಕದ್ದು, ಏಕೆಂದರೆ ಸಂಸ್ಥೆಯ ಕೀರ್ತಿಗೆ ಹೊಣೆಯಾದವನಿಗೆ ದೂರನ್ನು ಮುಚ್ಚುವ ಆಸೆ ಸಹಜ. ಸಮಿತಿಯ ಹೆಸರುಪಟ್ಟಿ ಫಲಕದ ಮೇಲೆ ತೂಗಿದರೆ ಸಾಲದು. ಹಾಸ್ಟೆಲಿನ ಹುಡುಗಿಗೆ ಅದು ಓದಿ ತಿಳಿದಿರಬೇಕು.

ಇಲ್ಲಿ ನನ್ನ ತಪ್ಪೊಂದನ್ನೂ ಹೇಳಬೇಕು. ಅನೇಕ ವರ್ಷಗಳ ಹಿಂದೆ ಒಂದು ಕಾಲೇಜಿನ ಅಧ್ಯಾಪಕರ ಆಯ್ಕೆಗೆ ವಿಷಯತಜ್ಞನಾಗಿ ಹೋಗಿದ್ದೆ. ಹಳಗನ್ನಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಉತ್ತರಿಸಿದ ತರುಣಿಗೆ ಕೊನೆಯಲ್ಲಿ ಒಂದು ಪ್ರಶ್ನೆ ಬಂತು: ಮದುವೆಯಾದ ಮೇಲೆ ಈ ಊರಲ್ಲೇ ಇರುವಿರಾ? ಕೇಳಿದವನು ನಾನೇ. ಅದೇ ದಿನ ಬಂದಿದ್ದ ಅವಿವಾಹಿತ ತರುಣರಿಬ್ಬರಿಗೆ ನಾನು ಕೇಳಿದ್ದು ರಗಳೆಯ ಲಕ್ಷಣವನ್ನು ಮಾತ್ರ. ಕೆಲಸ ಅವರಲ್ಲೊಬ್ಬನಿಗೆ ಹೋಯಿತು. ಪಟ್ಟಿಗೆ ನಾನೂ ಸಹಿ ಹಾಕಿದೆ. ಆ ಹೊತ್ತಿಗೆ ಅದು ಲೌಕಿಕ ಜ್ಞಾನವೆಂದೇ ತೋರಿತ್ತು.

ನಮ್ಮ ಶಾಲೆಯಿಂದ ಹೊರಟು ನಗರದ ಕಾಲೇಜುಗಳಿಗೆ ಸೇರುವ ಹೆಣ್ಣುಮಕ್ಕಳ ಸಂಖ್ಯೆ ಬೆಳೆಯುತ್ತಿದೆ. ಅವರಲ್ಲಿ ಕೆಲವರು ಅಧ್ಯಾಪಿಕೆಯರೂ ಆಗಿದ್ದಾರೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುವಿಹಾರದ ವ್ಯವಸ್ಥೆ ಇರಬೇಕೆಂದು 2017ರಲ್ಲಿ ತಿದ್ದುಪಡಿಯಾದ ಮಾತೃತ್ವ ಸೌಲಭ್ಯ ಕಾಯಿದೆ ವಿಧಿಸಿತು. ನಮ್ಮ ಭಾಗದ ಉದಾರ ದಾನಿಗಳು ಕಟ್ಟಿಸಿದ ಮಹಾದ್ವಾರ, ಪ್ರಸಾದನಿಲಯ, ಸಭಾಭವನಗಳ ಶಿಲಾಫಲಕಗಳನ್ನು ನಾನು ಆದರದಿಂದ ಓದಿದ್ದೇನೆ. ಕಾಲೇಜಿನ ಶಿಶುವಿಹಾರವೊಂದರ ಬಾಗಿಲಲ್ಲಿ ಅಂಥ ಫಲಕವನ್ನು ಇನ್ನೂ ಓದಿಲ್ಲ. ಗಾಳಿಬೆಳಕುಳ್ಳ ಒಂದು ಕೊಠಡಿ, ಕೆಲವು ತೊಟ್ಟಿಲು, ಸಂಬಳ ಕೊಟ್ಟು ನೇಮಿಸಿದ ಇಬ್ಬರು ಆಯಾಗಳು, ಇಷ್ಟರಿಂದ ಆರಂಭಿಸಬಹುದು.